ನಿಮ್ಮ ಕೂದಲಿಗೆ ಎಂಥ ಕರ್ಲಿಂಗ್ ಐರನ್? ಲೇಪನಕ್ಕಿಂತ ಮೊದಲು ಶಾಖ ನೋಡಿ

ಮೊಬೈಲ್‌ನಲ್ಲೋ ಅಂಗಡಿಯಲ್ಲೋ ಕರ್ಲಿಂಗ್ ಐರನ್ ಹುಡುಕಲು ಹೊರಟರೆ ಮೊದಲು ಎದುರಾಗುವುದು ಪದಗಳ ಸಂತೆ. ಸೆರಾಮಿಕ್, ಟೂರ್ಮಲಿನ್, ಟೈಟಾನಿಯಂ, ನ್ಯಾನೋ, ಅಯಾನಿಕ್, ಇನ್‌ಫ್ರಾರೆಡ್. ಒಂದು ಡಬ್ಬಿಯ ಮೇಲೆ ‘ಎಲ್ಲ ಬಗೆಯ ಕೂದಲಿಗೆ’ ಎಂದು ಬರೆದಿದ್ದರೆ, ಪಕ್ಕದ ಡಬ್ಬಿಯ ಮೇಲೆ ‘ಕ್ಷಣದಲ್ಲಿ 230 ಡಿಗ್ರಿ’ ಎಂಬ ಹೆಮ್ಮೆ. ಬೆಲೆ ಕೆಲವು ನೂರು ರೂಪಾಯಿಯಿಂದ ಶುರುವಾಗಿ ಸಾವಿರಗಳನ್ನು ದಾಟಿ ಹೋಗುತ್ತದೆ. ಹೆಚ್ಚು ಬೆಲೆಯದು ಕೂದಲಿಗೆ ಹೆಚ್ಚು ಒಳ್ಳೆಯದು ಎಂದುಕೊಂಡು ಅನೇಕರು ಕೊನೆಗೆ ಕೈಗೆಟುಕುವ ದುಬಾರಿಯದನ್ನೇ ಕೊಳ್ಳುತ್ತಾರೆ.

ಈ ಪದಗಳಲ್ಲಿ ಹೆಚ್ಚಿನವುಗಳಿಗೂ ನಿಮ್ಮ ಕೂದಲಿನ ಬಗೆಗೂ ಅಷ್ಟೇನೂ ಸಂಬಂಧವಿಲ್ಲ. ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಮುಖ್ಯ ಪ್ರಶ್ನೆಗಳು ಎರಡೇ. ನನ್ನ ಕೂದಲು ಎಷ್ಟು ಶಾಖ ತಡೆದುಕೊಳ್ಳುತ್ತದೆ? ಈ ಸಾಧನ ಆ ಮಿತಿಯಲ್ಲಿ ನಿಲ್ಲುತ್ತದೆಯೇ? ಬ್ಯಾರಲ್‌ನ ಗಾತ್ರ ಆಮೇಲಿನದು. ಲೇಪನ, ಬಣ್ಣ, ಬ್ರ್ಯಾಂಡ್ ಅದಕ್ಕೂ ಆಮೇಲಿನವು.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಚರ್ಮಕ್ಕೆ ಗಾಯವಾದರೆ ಮಾಯುತ್ತದೆ, ಕೂದಲಿಗಾದ ಗಾಯ ಮಾಯುವುದಿಲ್ಲ. ನೆತ್ತಿಯಿಂದ ಹೊರಗೆ ಬಂದ ಎಳೆಯಲ್ಲಿ ಜೀವಕೋಶಗಳೆಲ್ಲ ಸತ್ತಿರುತ್ತವೆ. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಅಂದರೆ 30 ಸೆಂಟಿಮೀಟರ್ ಉದ್ದದ ಕೂದಲಿನ ತುದಿಗೆ ಎರಡೂವರೆ ವರ್ಷ ವಯಸ್ಸು! ಒಂದು ಮದುವೆ ಆರತಕ್ಷತೆಗೆಂದು ಸುಟ್ಟುಕೊಂಡ ತುದಿಯನ್ನು ಕತ್ತರಿಸಿದರೆ, ಕತ್ತರಿಸಿದ ಒಂದೊಂದು ಸೆಂಟಿಮೀಟರ್ ಮರಳಲೂ ಸುಮಾರು ಒಂದೊಂದು ತಿಂಗಳು ಕಾಯಬೇಕು. ‘ರಿಪೇರ್’ ಎಂದು ಬರೆದ ಶಾಂಪೂ, ಸೀರಮ್‌ಗಳು ಒರಟಾದ ಹೊರಮೈ ಮೇಲೆ ತೆಳು ಪದರ ಹಚ್ಚಿ ನಯವಾಗಿ ಕಾಣಿಸುತ್ತವೆ. ಹೋದ ಬಲವನ್ನು ಅವು ಮೊದಲಿನಂತೆ ಮರಳಿಸುವುದಿಲ್ಲ.

ಸುರುಳಿ ಹೇಗೆ ನಿಲ್ಲುತ್ತದೆ?

ಒಂದು ಎಳೆ ಕೂದಲಿನ ಹೊರಮೈಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಂಗಳೂರು ಹೆಂಚಿನ ಸೂರು ನೆನಪಾಗುತ್ತದೆ. ಒಂದರ ಮೇಲೊಂದು ಚಾಚಿಕೊಂಡ ಚಪ್ಪಟೆ ಹಲ್ಲೆಗಳು, ಎಲ್ಲದರ ಮುಖವೂ ತುದಿಯ ಕಡೆಗೆ. ಇದು ಕ್ಯುಟಿಕಲ್. ಅದರೊಳಗೆ ಹುರಿಮಾಡಿದ ಹಗ್ಗದಂತೆ ಕೆರಟಿನ್ ಎಂಬ ಪ್ರೋಟೀನಿನ ನಾರುಗಳಿವೆ. ನಾರುಗಳನ್ನು ಒಂದಕ್ಕೊಂದು ಕಟ್ಟಿ ಹಾಕುವ ಬಂಧಗಳಲ್ಲಿ ನಮಗಿಲ್ಲಿ ಎರಡು ಮುಖ್ಯ. ಗಂಧಕದ ಪರಮಾಣುಗಳ ನಡುವಿನ ಡೈಸಲ್ಫೈಡ್ ಬಂಧ ಗಟ್ಟಿಯದು. ಪಾರ್ಲರ್‌ನಲ್ಲಿ ರೀಬಾಂಡಿಂಗ್ ಮಾಡುವಾಗ ರಾಸಾಯನಿಕಗಳಿಂದ ಮುರಿದು ಮತ್ತೆ ಜೋಡಿಸುವುದು ಇದನ್ನೇ. ಇನ್ನೊಂದು ಹೈಡ್ರೋಜನ್ ಬಂಧ. ಒಂದೊಂದಾಗಿ ನೋಡಿದರೆ ತೀರಾ ದುರ್ಬಲ, ಆದರೆ ಲೆಕ್ಕವಿಲ್ಲದಷ್ಟಿವೆ. ನೀರು ತಾಗಿದರೆ ಬಿಚ್ಚಿಕೊಳ್ಳುತ್ತವೆ, ಒಣಗಿದಾಗ ಎಲ್ಲಿದ್ದವೋ ಅಲ್ಲೇ ಹೊಸದಾಗಿ ಕಟ್ಟಿಕೊಳ್ಳುತ್ತವೆ.

ಇದನ್ನು ಕಾಣಲು ಪ್ರಯೋಗಾಲಯ ಬೇಡ. ತಲೆಗೆ ನೀರು ಹಾಕಿಕೊಂಡು, ಅರ್ಧ ಒಣಗಿದ ಕೂದಲಿಗೆ ಜಡೆ ಹಾಕಿ ಮಲಗಿ ಬೆಳಿಗ್ಗೆ ಬಿಚ್ಚಿದರೆ ಅಲೆಅಲೆ ಕೂದಲು ಸಿಗುತ್ತದೆ. ಒದ್ದೆಯಲ್ಲಿ ಬಿಚ್ಚಿಕೊಂಡ ಬಂಧಗಳು ಜಡೆಯ ತಿರುವಿನಲ್ಲೇ ಮತ್ತೆ ಕಟ್ಟಿಕೊಂಡಿರುತ್ತವೆ. ಅಜ್ಜಿಯರ ಕಾಲದಿಂದಲೂ ಗೊತ್ತಿರುವ ಈ ವಿದ್ಯೆಯನ್ನೇ ಕರ್ಲಿಂಗ್ ಐರನ್ ಹತ್ತು ಸೆಕೆಂಡಿನಲ್ಲಿ ಮಾಡುತ್ತದೆ. ನೀರು ಮತ್ತು ರಾತ್ರಿಯ ಬದಲಿಗೆ ಅದು ಬಳಸುವುದು ಶಾಖವನ್ನು.

ಇಲ್ಲಿ ಬಹಳ ಮಂದಿ ತಪ್ಪುವ ಒಂದು ಸಂಗತಿಯಿದೆ. ಬಿಸಿಯಾದಾಗ ಬಂಧಗಳು ಸಡಿಲಗೊಳ್ಳುತ್ತವೆ ಅಷ್ಟೆ. ಸುರುಳಿ ಗಟ್ಟಿಯಾಗುವುದು ಕೂದಲು ತಣಿಯುವಾಗ. ಬ್ಯಾರಲ್‌ನಿಂದ ಜಾರಿಸಿದ ತಕ್ಷಣ ಬಿಸಿ ಸುರುಳಿಗೆ ಬೆರಳಾಡಿಸಿ ಬಾಚಿದರೆ, ಇನ್ನೂ ಕಟ್ಟಿಕೊಳ್ಳದ ಬಂಧಗಳನ್ನು ನಾವೇ ಎಳೆದಂತಾಯಿತು. ಆಮೇಲೆ ‘ನನ್ನ ಕೂದಲಿಗೆ ಸುರುಳಿ ನಿಲ್ಲುವುದೇ ಇಲ್ಲ’ ಎಂದು ಶಾಖ ಏರಿಸುತ್ತೇವೆ. ಅದರ ಬದಲು ಸುರುಳಿಯನ್ನು ಹಾಗೇ ಉಂಡೆ ಮಾಡಿ ಹೇರ್‌ಪಿನ್ ಸಿಕ್ಕಿಸಿ ಪೂರ್ತಿ ತಣ್ಣಗಾಗಲು ಬಿಡಿ. 20 ಡಿಗ್ರಿ ಹೆಚ್ಚಿಸಿ ಸಿಗುವುದಕ್ಕಿಂತ ಹೆಚ್ಚು ಬಾಳಿಕೆ ಈ ಐದು ನಿಮಿಷದ ತಾಳ್ಮೆಯಲ್ಲಿ ಸಿಗುತ್ತದೆ.

ನೀರು ಬಿಚ್ಚುವ ಬಂಧವೆಂದ ಮೇಲೆ ಗಾಳಿಯ ತೇವವೂ ಬಿಚ್ಚಬೇಕಲ್ಲವೇ? ಹೌದು. ತೇವ ಹೆಚ್ಚಿದಂತೆ ಕೂದಲು ಉದ್ದವಾಗುತ್ತದೆ ಎಂಬುದನ್ನು ಬಳಸಿಕೊಂಡೇ ಸ್ವಿಟ್ಜರ್ಲೆಂಡಿನ ಸೊಸ್ಯೂರ್ 18ನೇ ಶತಮಾನದಲ್ಲಿ ಕೂದಲಿನ ತೇವಮಾಪಕ ಮಾಡಿ, 1783ರಲ್ಲಿ ಆ ಬಗ್ಗೆ ಪುಸ್ತಕವನ್ನೂ ಪ್ರಕಟಿಸಿದ. ಹವಾಮಾನ ವೀಕ್ಷಣಾಲಯಗಳಲ್ಲಿ ಇಂಥ ಉಪಕರಣ ಬಹುಕಾಲ ಕೆಲಸ ಮಾಡಿದೆ. ನಿಮ್ಮ ತಲೆಯ ಮೇಲಿರುವುದೂ ಅದೇ ಮಾಪಕ. ಬೇಸಿಗೆಯ ಕಲಬುರಗಿಯಲ್ಲಿ ಸಂಜೆವರೆಗೂ ನಿಲ್ಲುವ ಸುರುಳಿ ಆಷಾಢದ ಮಂಗಳೂರಿನಲ್ಲಿ ಗಂಟೆಯೊಳಗೆ ಜೋತುಬಿದ್ದರೆ ಅದು ಐರನ್‌ನ ದೋಷವಲ್ಲ. ಕರಾವಳಿಯ ಮಳೆಗಾಲದಲ್ಲಿ ಹೆಚ್ಚು ಶಾಖದ ಐರನ್ ಕೊಂಡರೆ ಕೂದಲು ಸುಡುತ್ತದೆಯೇ ಹೊರತು ಗಾಳಿ ಒಣಗುವುದಿಲ್ಲ. ಹೇರ್ ಸ್ಪ್ರೇ ಸ್ವಲ್ಪ ಹೊತ್ತು ತಡೆ ಒಡ್ಡುತ್ತದೆ. ಬೇಕಾದ್ದಕ್ಕಿಂತ ಬಿಗಿಯಾದ ಸುರುಳಿ ಮಾಡಿ ತಾನಾಗಿ ಸಡಿಲಗೊಳ್ಳಲು ಬಿಡುವುದು ಇನ್ನೂ ಒಳ್ಳೆಯ ಉಪಾಯ.

‘ದಟ್ಟ’ ಬೇರೆ, ‘ದಪ್ಪ’ ಬೇರೆ

ಡಬ್ಬಿಗಳ ಮೇಲೆ ‘ಥಿಕ್ ಹೇರ್‌ಗೆ 200 ಡಿಗ್ರಿ’ ಎಂದಿರುತ್ತದೆ. ಯಾವ ಥಿಕ್? ನಮ್ಮಲ್ಲಿ ‘ಅವಳ ಕೂದಲು ದಪ್ಪ’ ಎಂದರೆ ಸಾಮಾನ್ಯವಾಗಿ ಜಡೆ ದಪ್ಪ ಎಂದರ್ಥ. ಅಂದರೆ ತಲೆಯಲ್ಲಿ ಎಳೆಗಳ ಸಂಖ್ಯೆ ಹೆಚ್ಚು, ಕೂದಲು ದಟ್ಟ. ಶಾಖದ ಮಿತಿಯನ್ನು ನಿರ್ಧರಿಸುವುದು ಅದಲ್ಲ, ಒಂದೊಂದು ಎಳೆಯ ದಪ್ಪ. ತಲೆಗೂದಲಿನ ಎಳೆ ಹೆಚ್ಚಾಗಿ 0.05ರಿಂದ 0.1 ಮಿಲಿಮೀಟರ್ ಇರುತ್ತದೆ. ಮುಷ್ಟಿ ತುಂಬುವ ಜಡೆಯವರಲ್ಲೂ ಎಳೆಗಳು ರೇಷ್ಮೆಯಂತೆ ತೆಳ್ಳಗಿರಬಹುದು. ಅವರು ಡಬ್ಬಿಯ ಮಾತು ನಂಬಿ 200 ಡಿಗ್ರಿ ಇಟ್ಟುಕೊಂಡರೆ ಮೊದಲು ಹಾಳಾಗುವುದು ಅವರದೇ ಕೂದಲು. ತೆಳ್ಳನೆಯ ಎಳೆಯಲ್ಲಿ ಸರಕೇ ಕಡಿಮೆ. ಹೊರಮೈಗೆ ಆದ ಸಣ್ಣ ಹಾನಿಯೂ ಅದರ ಬಲದ ದೊಡ್ಡ ಪಾಲನ್ನು ಕಸಿಯುತ್ತದೆ. ದಟ್ಟ ಕೂದಲಿನವರಿಗೆ ಬೇಕಾದದ್ದು ಹೆಚ್ಚು ಶಾಖವಲ್ಲ. ಕೂದಲನ್ನು ಹೆಚ್ಚು ಭಾಗ ಮಾಡಿಕೊಂಡು ಒಂದೊಂದಾಗಿ ಸುತ್ತುವ ಸಮಯ.

ಗೊತ್ತುಮಾಡಿಕೊಳ್ಳುವುದು ಹೇಗೆ? ಒಂದು ಎಳೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹೊರಳಿಸಿ. ಏನೂ ಇಲ್ಲವೆನ್ನುವಂತಿದ್ದರೆ ತೆಳು ಎಳೆ. ದಾರದಂತೆ ಸ್ಪಷ್ಟವಾಗಿ ಸಿಕ್ಕರೆ ದಪ್ಪ ಎಳೆ. ಎರಡರ ನಡುವೆ ಇದ್ದರೆ ಮಧ್ಯಮ. ಕಿವಿಯ ಬಳಿಯ ಎಳೆಗಳು ಹಿಂದಲೆಯವಕ್ಕಿಂತ ನಯವಾಗಿರುವುದುಂಟು, ಎರಡು ಮೂರು ಕಡೆಯಿಂದ ತೆಗೆದು ನೋಡಿ.

ಇಂಟರ್‌ನೆಟ್‌ನಲ್ಲಿ ಹರಿದಾಡುವ ಇನ್ನೊಂದು ಪರೀಕ್ಷೆಯನ್ನು ಮಾತ್ರ ನಂಬಬೇಡಿ. ಲೋಟದ ನೀರಿಗೆ ಒಂದು ಕೂದಲು ಹಾಕಿ, ಮುಳುಗಿದರೆ ‘ರಂಧ್ರ ಹೆಚ್ಚು’, ತೇಲಿದರೆ ‘ಕಡಿಮೆ’ ಎನ್ನುವುದು. ಕೂದಲು ನೀರಿಗಿಂತ ಸಾಂದ್ರ. ಅದು ತೇಲುವುದು ನೀರಿನ ಮೇಲ್ಮೈ ಎಳೆತದಿಂದ. ಎಣ್ಣೆ ಅಥವಾ ಕಂಡೀಶನರ್ ಅಂಟಿದ್ದರೆ ಸವೆದ ಕೂದಲೂ ತೇಲುತ್ತದೆ, ಬೆರಳಿನಿಂದ ತುಸು ಒತ್ತಿದರೆ ಒಳ್ಳೆಯ ಕೂದಲೂ ಮುಳುಗುತ್ತದೆ. ಈ ಪರೀಕ್ಷೆ ಹೇಳುವುದು ನಿನ್ನೆ ಎಣ್ಣೆ ಹಚ್ಚಿದ್ದಿರೋ ಇಲ್ಲವೋ ಎಂಬುದನ್ನಷ್ಟೇ.

ಗುಂಗುರು ಕೂದಲಿನ ಬಗ್ಗೆಯೂ ಒಂದು ತಪ್ಪು ನಂಬಿಕೆಯಿದೆ: ಅದು ಒರಟು, ಆದ್ದರಿಂದ ಗಟ್ಟಿ, ಹೆಚ್ಚು ಶಾಖ ಬೇಕು ಎಂಬುದು. ನೇರ ಕೂದಲಿನ ಎಳೆಯನ್ನು ಅಡ್ಡಕ್ಕೆ ಕತ್ತರಿಸಿದರೆ ಹೆಚ್ಚುಕಡಿಮೆ ದುಂಡಗೆ ಕಾಣುತ್ತದೆ, ಗುಂಗುರು ಎಳೆ ಚಪ್ಪಟೆಯಾಗಿರುತ್ತದೆ. ಅದರ ಪ್ರತಿ ತಿರುವೂ ಮುರಿಯಬಹುದಾದ ಜಾಗ. ನೆತ್ತಿಯ ಎಣ್ಣೆ ತಿರುವುಗಳನ್ನು ದಾಟಿ ತುದಿವರೆಗೆ ಸುಲಭವಾಗಿ ಇಳಿಯದ ಕಾರಣ ತುದಿ ಒಣಗಿಯೂ ಇರುತ್ತದೆ. ನಮ್ಮ ರಾಜ್ಯದಲ್ಲೇ ನೇರ ಕೂದಲಿನಿಂದ ಹಿಡಿದು ಉತ್ತರ ಕನ್ನಡದ ಸಿದ್ದಿ ಸಮುದಾಯದ ಅನೇಕರಲ್ಲಿ ಕಾಣುವ ಬಿಗಿ ಸುರುಳಿಯವರೆಗೆ ಎಲ್ಲ ಬಗೆಯೂ ಇವೆ. ಮಾರುಕಟ್ಟೆಯ ಸಲಹೆಗಳಲ್ಲಿ ಹೆಚ್ಚಿನವು ಮಾತ್ರ ನೇರ ಕೂದಲನ್ನೇ ಮನಸ್ಸಿನಲ್ಲಿಟ್ಟುಕೊಂಡಂತಿವೆ. ಹುಟ್ಟುಗುಂಗುರಿನವರು ಐರನ್ ಬಳಸುವುದಾದರೆ ಇಡೀ ತಲೆಗೆ ಬೇಕಿಲ್ಲ. ಆಕಾರ ಕಳೆದುಕೊಂಡ ನಾಲ್ಕಾರು ಎಳೆಗೊಂಚಲುಗಳಿಗೆ, ಸಹಜ ಸುರುಳಿಯಷ್ಟೇ ಗಾತ್ರದ ಬ್ಯಾರಲ್‌ನಿಂದ, ಮಧ್ಯಮ ಶಾಖದಲ್ಲಿ ಒಮ್ಮೆ ಸುತ್ತಿದರೆ ಸಾಕು.

ಹಾಗಾದರೆ ಎಷ್ಟು ಡಿಗ್ರಿ?

ಒಣ ಕೂದಲಿನ ಕೆರಟಿನ್ ಸುರುಳಿಗಳು ಸುಮಾರು 230 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕುಸಿಯುತ್ತವೆ. ಅಂದರೆ ಡಬ್ಬಿಯ ಮೇಲೆ ಹೆಮ್ಮೆಯಿಂದ ಅಚ್ಚಾಗಿರುವ ಆ 230 ಕೂದಲಿನ ರಚನೆಯೇ ಮುರಿದುಬೀಳುವ ಅಂಕಿ. ಅದಕ್ಕಿಂತ ಕಡಿಮೆ ಇದ್ದರೆ ಸಂಪೂರ್ಣ ಸುರಕ್ಷಿತ ಎಂದೂ ಅಲ್ಲ. ಕೂದಲಿನ ಪ್ರೋಟೀನಿನಲ್ಲಿರುವ ಟ್ರಿಪ್ಟೋಫ್ಯಾನ್ ಎಂಬ ಅಮೈನೊ ಆಮ್ಲ 130ರಿಂದ 160 ಡಿಗ್ರಿಯ ನಡುವೆಯೇ ನಿಧಾನವಾಗಿ ಕೆಡಲು ತೊಡಗುತ್ತದೆ ಎಂದು ಕರ್ಲಿಂಗ್ ಐರನ್‌ಗಳನ್ನೇ ಇಟ್ಟುಕೊಂಡು ಮಾಡಿದ ಅಧ್ಯಯನ ತೋರಿಸಿದೆ. ಹಾಗಾಗಿ ‘ಡ್ಯಾಮೇಜ್ ಫ್ರೀ’ ಎಂಬ ಮಾತು ಯಾವ ಡಬ್ಬಿಯ ಮೇಲಿದ್ದರೂ ಅದು ಜಾಹೀರಾತು. ನಮ್ಮ ಕೈಯಲ್ಲಿರುವುದು ಹಾನಿಯನ್ನು ಕಡಿಮೆ ಮಾಡುವುದು ಮಾತ್ರ.

ತೆಳು ಎಳೆ, ಬ್ಲೀಚ್ ಮಾಡಿದ ಅಥವಾ ಈಗಾಗಲೇ ತುದಿ ಸೀಳಿರುವ ಕೂದಲಾದರೆ 120ರಿಂದ 150 ಡಿಗ್ರಿಯೊಳಗೆ ಇರಿ. ಮಧ್ಯಮ ಎಳೆಯ ಆರೋಗ್ಯವಂತ ಕೂದಲಿಗೆ 150ರಿಂದ 180. ದಪ್ಪ ಎಳೆಯ, ಬಣ್ಣ ಕಾಣದ ಕೂದಲಿಗೆ 180ರಿಂದ 200. ಇವು ಕೇಶವಿನ್ಯಾಸಕಾರರು ಸಾಮಾನ್ಯವಾಗಿ ಹೇಳುವ ಅಂಕಿಗಳು, ಲಕ್ಷ್ಮಣರೇಖೆಯಲ್ಲ. 200 ದಾಟುವ ಅಗತ್ಯ ಮನೆಯಲ್ಲಿ ಯಾರಿಗೂ ಬರುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಮೊದಲ ದಿನ ನಿಮ್ಮ ಗುಂಪಿನ ಕೆಳಗಿನ ಅಂಕಿಯಿಂದ ಶುರುಮಾಡಿ. ಎಂಟು ಹತ್ತು ಸೆಕೆಂಡು ಸುತ್ತಿ, ತಣಿಯಲು ಬಿಟ್ಟು, ಆಮೇಲೂ ಸುರುಳಿ ನಿಲ್ಲದಿದ್ದರೆ ಮಾತ್ರ ಹತ್ತು ಡಿಗ್ರಿ ಏರಿಸಿ. ಕಡಿಮೆ ಶಾಖದಲ್ಲಿ ಮೂರು ಸಲ ಸುತ್ತುವುದಕ್ಕಿಂತ ಸರಿಯಾದ ಶಾಖದಲ್ಲಿ ಒಂದೇ ಸಲ ಮೇಲು ಎಂಬುದನ್ನೂ ಮರೆಯಬೇಡಿ. ನರೆತ ಕೂದಲು ಶಾಖಕ್ಕೆ ಹಳದಿ ತಿರುಗಬಹುದು, ಅಂಥವರು ಇನ್ನಷ್ಟು ಕೆಳಗೆ ಇರುವುದು ಒಳ್ಳೆಯದು.

ಈಗ ಅಂಗಡಿಗೆ ಮರಳೋಣ. ಡಿಗ್ರಿಗಳನ್ನು ಅಂಕಿಯಲ್ಲಿ ತೋರಿಸುವ, ನೀವೇ ಬದಲಿಸಬಹುದಾದ ಐರನ್ ನಿಮಗೆ ಬೇಕು. ಒಂದೇ ಸ್ವಿಚ್ಚು, ಒಂದೇ ಕೆಂಪು ದೀಪ ಇರುವ ಅಗ್ಗದ ಸಾಧನ ಎಷ್ಟು ಬಿಸಿಯಾಗುತ್ತದೆಂದು ಅದಕ್ಕೂ ಗೊತ್ತಿಲ್ಲ, ನಿಮಗೂ ಗೊತ್ತಾಗುವುದಿಲ್ಲ. 1ರಿಂದ 10ರವರೆಗಿನ ಡಯಲ್ ಇದ್ದರೆ ಅದು ಎಷ್ಟು ಡಿಗ್ರಿ ಎಂದು ಕೈಪಿಡಿಯಲ್ಲಿ ಬರೆದಿದೆಯೇ ನೋಡಿ. ಇದೊಂದು ಸೌಲಭ್ಯಕ್ಕಾಗಿ ಕೊಡುವ ಹೆಚ್ಚಿನ ಹಣ ವ್ಯರ್ಥವಲ್ಲ.

ಡಿಗ್ರಿ ತೋರಿಸುವ ಪರದೆಯೆಲ್ಲ ಇಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರು? 1870ರ ದಶಕದಲ್ಲಿ ಪ್ಯಾರಿಸ್ಸಿನ ಮಾರ್ಸೆಲ್ ಗ್ರಾಟೋ ಬಿಸಿ ಇಕ್ಕಳದಿಂದ ಅಲೆಗೂದಲು ಮಾಡುವ ಕ್ರಮ ತಂದು ಹೆಸರಾದ. ಉರಿಯ ಮೇಲೆ ಕಾಯಿಸಿದ ಇಕ್ಕಳವನ್ನು ತಲೆಗೆ ಒಯ್ಯುವ ಮುನ್ನ ಕಾಗದಕ್ಕೆ ಒತ್ತಿ ನೋಡುವುದು ಆ ಕಾಲದ ರೂಢಿ. ಕಾಗದ ಕಂದಿದರೆ ಇಕ್ಕಳ ಇನ್ನೂ ಆರಬೇಕು. ಈಗಲೂ ಇದು ಕೆಲಸಕ್ಕೆ ಬರುವ ಪರೀಕ್ಷೆಯೇ. ಹೊಸ ಐರನ್‌ಗೆ ಬಿಳಿ ಟಿಶ್ಯೂ ಕಾಗದ ಸುತ್ತಿ ಹತ್ತು ಸೆಕೆಂಡು ಬಿಟ್ಟು ನೋಡಿ. ಪಟ್ಟೆಪಟ್ಟೆಯಾಗಿ ಕಂದಿದರೆ ಶಾಖ ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ ಎಂದರ್ಥ. ಅದನ್ನು ಹಿಂದಿರುಗಿಸಿ.

ಹೊಗೆಯೋ, ಆವಿಯೋ?

ಅಮೆರಿಕದ ಲೂಯಿಸಾ ಮೇ ಆಲ್ಕಾಟ್ 1868ರಲ್ಲಿ ಪ್ರಕಟಿಸಿದ ‘ಲಿಟಲ್ ವಿಮೆನ್’ ಕಾದಂಬರಿಯಲ್ಲಿ ಒಂದು ಪ್ರಸಂಗವಿದೆ. ಔತಣಕ್ಕೆ ಹೊರಟ ಅಕ್ಕ ಮೆಗ್‌ಗೆ ಹಣೆಯ ಮೇಲೆ ನಾಲ್ಕು ಸುರುಳಿ ಬೇಕು. ತಂಗಿ ಜೋ ಕೂದಲಿಗೆ ಕಾಗದ ಸುತ್ತಿ ಬಿಸಿ ಇಕ್ಕಳ ಒತ್ತುತ್ತಾಳೆ. ಹೊಗೆ ಏಳುತ್ತದೆ. ಹೀಗೆ ಹೊಗೆಯಾಡಬೇಕೇ ಎಂದು ಚಿಕ್ಕವಳೊಬ್ಬಳು ಕೇಳಿದರೆ, ತೇವ ಆರುತ್ತಿದೆ ಎಂದು ಜೋ ಸಮಾಧಾನ ಹೇಳುತ್ತಾಳೆ. ಕಾಗದ ಬಿಚ್ಚಿದಾಗ ಕೂದಲೂ ಅದರ ಜೊತೆಗೇ ಬರುತ್ತದೆ.

ಒಂದೂವರೆ ಶತಮಾನವಾದರೂ ಜೋ ಹೇಳಿದ ಸಮಾಧಾನ ಹಾಗೇ ಉಳಿದಿದೆ. ‘ಸ್ವಲ್ಪ ಒದ್ದೆ ಇದ್ದರೆ ಒಳ್ಳೆಯದು, ಸುರುಳಿ ಚೆನ್ನಾಗಿ ಕೂರುತ್ತದೆ, ಬರುವುದು ಬರೀ ಆವಿ’ ಎಂಬ ಮಾತನ್ನು ನಾವು ಎಷ್ಟೋ ಕಡೆ ಕೇಳಿದ್ದೇವೆ. ಒದ್ದೆ ಕೂದಲು ತನ್ನ ತೂಕದ ಸುಮಾರು 30 ಪ್ರತಿಶತದಷ್ಟು ನೀರನ್ನು ಒಳಗೆ ಹೀರಿಕೊಂಡಿರುತ್ತದೆ. ಬಿಸಿ ಲೋಹ ತಾಗಿದ ಕೂಡಲೇ ಒಳಗಿನ ನೀರು ಆವಿಯಾಗಿ ಹಿಗ್ಗಿ, ಹೊರಬರಲು ದಾರಿ ಸಾಲದೆ ಎಳೆಯೊಳಗೆ ಗುಳ್ಳೆಗಳನ್ನು ಎಬ್ಬಿಸುತ್ತದೆ. ಸೂಕ್ಷ್ಮದರ್ಶಕದಲ್ಲಿ ಅಂಥ ಎಳೆ ಸ್ಪಂಜಿನಂತೆ ಕಾಣುತ್ತದೆ. ವೈದ್ಯರು ಇದನ್ನು ಬಬಲ್ ಹೇರ್ ಎನ್ನುತ್ತಾರೆ. 1994ರಲ್ಲಿ ಬ್ರಿಟನ್ನಿನ ಚರ್ಮರೋಗ ನಿಯತಕಾಲಿಕದಲ್ಲಿ ಬಂದ ಅಧ್ಯಯನದ ಪ್ರಕಾರ 125 ಡಿಗ್ರಿಯ ಕರ್ಲಿಂಗ್ ಐರನ್ ಒಂದು ನಿಮಿಷ ತಾಗಿದರೂ ಇಂಥ ಗುಳ್ಳೆಗಳೇಳಬಹುದು. ಕೆರಟಿನ್ ಕುಸಿಯುವ ಮಟ್ಟವೂ ನೆನೆದ ಕೂದಲಲ್ಲಿ 150 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಒಣ ಕೂದಲಿಗೆ ಸರಿಯಾದ ಶಾಖವೇ ಒದ್ದೆ ಕೂದಲಿಗೆ ವಿಪರೀತವಾಗುವುದು ಹೀಗೆ.

‘ಚುಂಯ್’ ಎಂದು ಸದ್ದು ಬಂದರೆ, ಆವಿ ಕಂಡರೆ ನಿಲ್ಲಿಸಿ. ಹೀಟ್ ಪ್ರೊಟೆಕ್ಟೆಂಟ್ ಸ್ಪ್ರೇ ಹಾಕಿದ್ದರೂ ಇದೇ ನಿಯಮ, ಅದು ಪೂರ್ತಿ ಆರಿದ ಮೇಲೆ ಮಾತ್ರ ಐರನ್. ಇಂಥ ಸ್ಪ್ರೇಗಳಲ್ಲಿನ ಸಿಲಿಕೋನ್ ಮೊದಲಾದವು ಎಳೆಯ ಮೇಲೆ ತೆಳು ಪದರವಾಗಿ ಕೂತು ಶಾಖ ಒಮ್ಮೆಗೇ ಒಳನುಗ್ಗದಂತೆ ಸ್ವಲ್ಪ ತಡೆಯುತ್ತವೆ. ಸ್ವಲ್ಪವೇ. ಹೆಲ್ಮೆಟ್ ಇದೆಯೆಂದು ಗೋಡೆಗೆ ಡಿಕ್ಕಿ ಹೊಡೆಯುವುದಿಲ್ಲವಲ್ಲ.

ಕೊಬ್ಬರಿ ಎಣ್ಣೆ ಇದರ ಬದಲಿಗೆ ಆದೀತೇ? ಕೊಬ್ಬರಿ ಎಣ್ಣೆ ಕೂದಲಿನೊಳಗೆ ಇಳಿದು, ತೊಳೆಯುವಾಗ ಪ್ರೋಟೀನ್ ಸೋರುವುದನ್ನು ತಗ್ಗಿಸುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆಯಿದೆ. 2003ರಲ್ಲಿ ಭಾರತೀಯ ಸಂಶೋಧಕರೇ ಸೂರ್ಯಕಾಂತಿ ಎಣ್ಣೆ, ಮಿನರಲ್ ಎಣ್ಣೆಗಳ ಜೊತೆ ಹೋಲಿಸಿ ಇದನ್ನು ತೋರಿಸಿದ್ದಾರೆ. ಆದರೆ ಅದು ತಲೆಗೆ ಹಚ್ಚಿ ತೊಳೆಯುವ ಮಾತು. ಗಾಣದ ಕೊಬ್ಬರಿ ಎಣ್ಣೆ ಸುಮಾರು 175 ಡಿಗ್ರಿಗೆ ಹೊಗೆಯಾಡತೊಡಗುತ್ತದೆ. 180ರ ಐರನ್‌ಗೆ ಎಣ್ಣೆಗೂದಲು ಸುತ್ತಿದರೆ ಏನಾಗುತ್ತದೆಂದು ಒಗ್ಗರಣೆ ಸೀಯಿಸಿದ ಯಾರಿಗೂ ವಿವರಿಸಬೇಕಿಲ್ಲ. ಹಿಂದಿನ ದಿನ ಎಣ್ಣೆ ಹಚ್ಚಿ, ತೊಳೆದು, ಒಣಗಿಸಿ, ಆಮೇಲೆ ಐರನ್ ಹಿಡಿಯಿರಿ.

ಸೆರಾಮಿಕ್, ಟೈಟಾನಿಯಂ, ಟೂರ್ಮಲಿನ್

‘ಸೆರಾಮಿಕ್’ ಎಂಬ ಒಂದೇ ಪದ ಎರಡು ಬೇರೆ ಸಂಗತಿಗಳನ್ನು ಹೇಳುತ್ತಿರಬಹುದು. ಒಂದು, ಲೋಹದ ಬ್ಯಾರಲ್ ಮೇಲಿನ ತೆಳುವಾದ ಸೆರಾಮಿಕ್ ಲೇಪನ. ಕೂದಲು ಜಾರಲು ಇದು ಅನುಕೂಲ, ಆದರೆ ಬಳಸುತ್ತಾ ಚಕ್ಕೆ ಏಳುತ್ತದೆ. ಎದ್ದ ಜಾಗ ಕೂದಲನ್ನು ಕಚ್ಚಿ ಎಳೆಯುತ್ತದೆ, ಹಾಗಾದಾಗ ಐರನ್ ಬದಲಿಸಬೇಕು. ಇನ್ನೊಂದು, ಒಳಗಿನ ಹೀಟರ್. ಪಿಟಿಸಿ ಎಂಬ ಸೆರಾಮಿಕ್ ಹೀಟರ್‌ಗೆ ಒಂದು ಒಳ್ಳೆಯ ಗುಣವಿದೆ: ಗೊತ್ತಾದ ಮಟ್ಟಕ್ಕಿಂತ ಬಿಸಿಯಾದಂತೆ ಅದರ ವಿದ್ಯುತ್ ರೋಧ ತಟ್ಟನೆ ಏರಿ, ವಿದ್ಯುತ್ ತಾನಾಗಿ ತಗ್ಗುತ್ತದೆ. ಶಾಖ ಕೈಮೀರದಂತೆ ತನ್ನನ್ನು ತಾನೇ ಹಿಡಿದಿಟ್ಟುಕೊಳ್ಳುವ ಈ ಹೀಟರ್ ಹೊರಗಿನ ಲೇಪನಕ್ಕಿಂತ ಹೆಚ್ಚು ಮುಖ್ಯ. ಆದರೆ ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ ಇರುವುದು ಹೆಚ್ಚಾಗಿ ಲೇಪನವೇ.

ಟೈಟಾನಿಯಂ ಬಗ್ಗೆ ಹೇಳುವ ‘ಶಾಖ ವಾಹಕತೆಯಲ್ಲಿ ಅತ್ಯುತ್ತಮ’ ಎಂಬ ಮಾತಂತೂ ಶುದ್ಧ ತಪ್ಪು. ಲೋಹಗಳಲ್ಲಿ ಟೈಟಾನಿಯಂ ಶಾಖವನ್ನು ಸಾಗಿಸುವುದರಲ್ಲಿ ಹಿಂದೆ. ನಮ್ಮ ಅಡುಗೆಮನೆಯ ಅಲ್ಯುಮಿನಿಯಂ ಅದಕ್ಕಿಂತ ಸುಮಾರು ಹತ್ತು ಪಟ್ಟು ಉತ್ತಮ ವಾಹಕ. ಟೈಟಾನಿಯಂನ ನಿಜವಾದ ಗುಣಗಳು ಹಗುರ, ಗಟ್ಟಿ, ತುಕ್ಕು ಹಿಡಿಯುವುದಿಲ್ಲ ಎಂಬವು. ಇಡೀ ದಿನ ಐರನ್ ಹಿಡಿದು ನಿಲ್ಲುವ ಪಾರ್ಲರ್‌ನವರಿಗೆ ಇವು ಬೆಲೆಯುಳ್ಳವು. ತಿಂಗಳಿಗೆರಡು ಸಲ ಬಳಸುವವರಿಗೆ ಅಷ್ಟೇನಿಲ್ಲ.

ಟೂರ್ಮಲಿನ್ ಒಂದು ಖನಿಜ. ಅದರ ತಾಪ ಬದಲಾದಾಗ ಹರಳಿನ ಎರಡು ತುದಿಗಳಲ್ಲಿ ವಿದ್ಯುದಾವೇಶ ಹುಟ್ಟುತ್ತದೆ ಎಂಬುದು ನಿಜ. ಈ ಒಂದು ಎಳೆ ಸತ್ಯ ಹಿಡಿದುಕೊಂಡು ‘ಋಣ ಅಯಾನುಗಳು ಕೂದಲಿನ ರಂಧ್ರ ಮುಚ್ಚಿ ತೇವ ಹಿಡಿದಿಡುತ್ತವೆ’ ಎಂದು ಕತೆ ಹೆಣೆಯಲಾಗಿದೆ. ಲೇಪನದಲ್ಲಿ ಬೆರೆತ ಚಿಟಿಕೆ ಪುಡಿ ಕೂದಲಿಗೆ ಹಾಗೆ ಮಾಡುತ್ತದೆ ಎನ್ನಲು ಗಟ್ಟಿ ಪುರಾವೆ ನಮಗೆ ಸಿಕ್ಕಿಲ್ಲ. ಬ್ಯಾರಲ್ ನಯವಾಗಿದ್ದರೆ ಕೂದಲೂ ನಯವಾಗಿ ಕಾಣುತ್ತದೆ, ಅದಕ್ಕೆ ಅಯಾನುಗಳ ಹಂಗಿಲ್ಲ.

ಬ್ಯಾರಲ್‌ಗೆ ಒಂದು ಸಣ್ಣ ಲೆಕ್ಕ

ಬ್ಯಾರಲ್‌ನ ವ್ಯಾಸವನ್ನು 3.14ರಿಂದ ಗುಣಿಸಿದರೆ ಒಂದು ಸುತ್ತಿಗೆ ಎಷ್ಟು ಕೂದಲು ಬೇಕೆಂದು ಸಿಗುತ್ತದೆ. 25 ಮಿಲಿಮೀಟರ್ ಬ್ಯಾರಲ್‌ಗೆ ಒಂದು ಸುತ್ತು ಸುಮಾರು 8 ಸೆಂಟಿಮೀಟರ್, 38 ಮಿಲಿಮೀಟರಿನದಕ್ಕೆ 12. ಬ್ಯಾರಲ್‌ಗೆ ಸುತ್ತಲು 30 ಸೆಂಟಿಮೀಟರ್ ಕೂದಲಿದ್ದರೆ ಮೊದಲನೆಯದರಲ್ಲಿ ನಾಲ್ಕಕ್ಕೆ ಹತ್ತಿರ ಸುತ್ತು, ಎರಡನೆಯದರಲ್ಲಿ ಎರಡೂವರೆ. ಕತ್ತಿನವರೆಗಿನ ಕೂದಲಲ್ಲಿ ಸುತ್ತಲು ಸಿಗುವುದು 10 ಸೆಂಟಿಮೀಟರ್ ಇದ್ದರೆ 38ರ ಬ್ಯಾರಲ್‌ಗೆ ಒಂದು ಸುತ್ತೂ ಬರುವುದಿಲ್ಲ. ತುದಿ ಒಂದಿಷ್ಟು ಬಾಗುತ್ತದೆ ಅಷ್ಟೆ. ಅವರಿಗೆ 19 ಮಿಲಿಮೀಟರ್ ಸರಿ. ಭುಜ ದಾಟಿದ ಕೂದಲಿಗೆ 25, ಸೊಂಟದ ಕಡೆಗೆ ಇಳಿದದ್ದಕ್ಕೆ ದೊಡ್ಡ ಅಲೆ ಬೇಕಿದ್ದರೆ 32. ಉದ್ದ, ನೇರ, ಭಾರದ ಕೂದಲಲ್ಲಿ ಅದರ ತೂಕವೇ ಸುರುಳಿಯನ್ನು ಎಳೆದು ಬಿಚ್ಚುವುದರಿಂದ ಅಂದುಕೊಂಡ ಗಾತ್ರಕ್ಕಿಂತ ಒಂದು ಅಳತೆ ಚಿಕ್ಕದನ್ನೇ ಕೊಳ್ಳಿ. ಒಂದೇ ಐರನ್ ಕೊಳ್ಳುವುದಾದರೆ 25.

ಕ್ಲಿಪ್ ಇರುವುದು ಹೊಸಬರಿಗೆ ಸುಲಭ. ಕ್ಲಿಪ್ ಇಲ್ಲದ ವ್ಯಾಂಡ್‌ನಲ್ಲಿ ತುದಿಗೆ ಮಡಿಕೆಯ ಗುರುತು ಬೀಳುವುದಿಲ್ಲ, ಬೆರಳು ಸುಟ್ಟುಕೊಳ್ಳುವ ಅವಕಾಶ ಮಾತ್ರ ಹೆಚ್ಚು. ಕೈಗವಸು ಹಾಕಿಕೊಳ್ಳಿ. ಸುಟ್ಟರೆ ಟೂತ್‌ಪೇಸ್ಟ್, ಶಾಯಿ, ಬೆಣ್ಣೆ ಯಾವುದೂ ಬೇಡ. ತಣ್ಣನೆಯ ಹರಿಯುವ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ.

ಐರನ್ ಹಿಡಿಯಲೇಬಾರದ ಕೂದಲು

ರೀಬಾಂಡಿಂಗ್, ಸ್ಮೂತನಿಂಗ್ ಮಾಡಿಸಿದ ಕೂದಲಲ್ಲಿ ಗಟ್ಟಿ ಬಂಧಗಳಿಗೇ ಒಮ್ಮೆ ಪೆಟ್ಟು ಬಿದ್ದಿರುತ್ತದೆ. ಅದಕ್ಕೆ ಸುರುಳಿ ಬೇಕೆಂದರೆ ರಾತ್ರಿಯ ಜಡೆ ಅಥವಾ ಶಾಖವಿಲ್ಲದ ರೋಲರ್ ಮೇಲು. ಫಾರ್ಮಾಲ್ಡಿಹೈಡ್ ಬಿಡುಗಡೆ ಮಾಡುವ ಕೆಲವು ‘ಕೆರಟಿನ್ ಟ್ರೀಟ್‌ಮೆಂಟ್’ಗಳೂ ಇವೆ. ಅಂಥದ್ದನ್ನು ಮಾಡಿಸಿದ ಕೂದಲಿಗೆ ಬಿಸಿ ತಾಗಿಸಿದಾಗ ಕಣ್ಣು ಉರಿದು ಗಂಟಲು ಕೆರೆದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿದೆ.

ಚೌರಿಯ ಮಾತು ಬೇರೆ. ಮದುವೆಮನೆಯಲ್ಲಿ ಅವಸರದಲ್ಲಿ ಚೌರಿಗೂ ಸೇರಿಸಿ ಐರನ್ ಒತ್ತಿ, ಅದು ಕರಗಿ ಬ್ಯಾರಲ್‌ಗೆ ಮೆತ್ತಿಕೊಂಡದ್ದನ್ನು ನಾವು ಕಂಡಿದ್ದೇವೆ. ಕೊಪ್ಪಳದ ಭಾಗ್ಯನಗರದಲ್ಲಿ ಬೇರ್ಪಡಿಸಿ ಹದಗೊಳಿಸುವಂಥ ಮನುಷ್ಯರ ಕೂದಲಿನಿಂದ ಮಾಡಿದ್ದಾದರೆ ಕಡಿಮೆ ಶಾಖ ತಡೆಯುತ್ತದೆ, ಕೃತಕ ನಾರಿನದು ತಡೆಯುವುದಿಲ್ಲ. ಗುರುತಿಸಲು ಒಂದೇ ಎಳೆ ಕಿತ್ತು ದೀಪಕ್ಕೆ ಹಿಡಿಯಿರಿ. ನಿಜ ಕೂದಲು ಕಮಟು ವಾಸನೆಯಿಂದ ಉರಿದು, ಬೆರಳಲ್ಲಿ ತಿಕ್ಕಿದರೆ ಪುಡಿಯಾಗುತ್ತದೆ. ಕೃತಕದ್ದು ಪ್ಲಾಸ್ಟಿಕ್ ವಾಸನೆ ಬಿಟ್ಟು ಗಟ್ಟಿ ಮಣಿಯಾಗುತ್ತದೆ.

ಐರನ್ ಹಿಡಿದರೆ ಕೂದಲು ಬುಡದಿಂದ ಉದುರುತ್ತದೆಯೇ? ಮನೆಯ ಹಿರಿಯರ ಈ ಆತಂಕ ಅರ್ಧ ಸರಿ. ನೆತ್ತಿಗೆ ತಾಗದಂತೆ ಬಳಸಿದರೆ ಶಾಖ ಚರ್ಮದೊಳಗಿನ ಬುಡವನ್ನು ಮುಟ್ಟುವುದಿಲ್ಲ. ಎಳೆ ನಡುವೆ ಮುರಿಯುತ್ತದೆ. ಬಾಚಣಿಗೆಯಲ್ಲಿ ಸಿಕ್ಕ ಎಳೆಯ ಒಂದು ತುದಿಯಲ್ಲಿ ಬಿಳಿಯ ಪುಟ್ಟ ಗಂಟಿದ್ದರೆ ಅದು ಉದುರಿದ್ದು, ಕಾರಣ ಬೇರೆಲ್ಲೋ ಇದೆ. ಎರಡೂ ತುದಿ ಬೋಳಾಗಿದ್ದು ಎಳೆ ಗಿಡ್ಡವಾಗಿದ್ದರೆ ಅದು ಮುರಿದದ್ದು, ಐರನ್‌ನ ಮೇಲೆ ಅನುಮಾನಪಡಬಹುದು.

ಅಮೆರಿಕದಿಂದ ಬಂಧುಗಳು ತಂದುಕೊಡುವ ಐರನ್‌ಗಳ ಬಗ್ಗೆಯೂ ಒಂದು ಮಾತು. ಅಲ್ಲಿನ ವಿದ್ಯುತ್ 120 ವೋಲ್ಟ್, ನಮ್ಮದು 230. ಹಿಡಿಯ ಮೇಲೆ ‘100–240’ ಎಂದಿದ್ದರೆ ಪಿನ್ನಿನ ಅಡಾಪ್ಟರ್ ಸಾಕು. ಬರೀ 120 ಎಂದಿದ್ದರೆ ಅಡಾಪ್ಟರ್ ಹಾಕಿ ಚುಚ್ಚಬೇಡಿ. ವೋಲ್ಟೇಜ್ ದುಪ್ಪಟ್ಟಾದರೆ ಹೀಟರ್ ಎಳೆಯುವ ವಿದ್ಯುಚ್ಛಕ್ತಿ ನಾಲ್ಕು ಪಟ್ಟಿಗೆ ಹತ್ತಿರವಾಗುತ್ತದೆ. ಸಾಧನ ಸುಡುತ್ತದೆ, ಅದಕ್ಕೂ ಮೊದಲು ಕೂದಲು.

ಯಾವ ಐರನ್ ತಂದರೂ ಮೊದಲ ಪ್ರಯೋಗ ತಲೆಯ ಮೇಲೆ ಬೇಡ. ಒಂದು ವಾರ ಬಾಚುವಾಗ ಬಂದ ಕೂದಲನ್ನು ಎಸೆಯದೆ ತೊಳೆದು ಒಣಗಿಸಿ, ಒಂದು ತುದಿಗೆ ದಾರ ಕಟ್ಟಿ ಸಣ್ಣ ಕುಚ್ಚು ಮಾಡಿಟ್ಟುಕೊಳ್ಳಿ. ಅದೇ ನಿಮ್ಮ ಕೂದಲು, ಅದೇ ದಪ್ಪ, ಅದೇ ವಯಸ್ಸು. 140 ಡಿಗ್ರಿಯಿಂದ ಶುರುಮಾಡಿ ಒಂದೊಂದೇ ಹಂತ ಏರಿಸುತ್ತಾ ಸುತ್ತಿ, ತಣಿಸಿ, ಎಳೆದು ನೋಡಿ. ಸುರುಳಿ ನಿಂತ ಮೊದಲ ಅಂಕಿಯನ್ನು ಐರನ್‌ನ ಹಿಡಿಗೆ ಒಂದು ಚೀಟಿ ಅಂಟಿಸಿ ಬರೆದಿಡಿ.